ಗ್ರಂಥಭಂಡಾರದ ವಿದ್ಯೆಯೂ ದಾಸೋಹವೇ

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ನಮ್ಮ ಮಠಗಳ ಹೆಗ್ಗಳಿಕೆ. ಅಕ್ಷರದಾಸೋಹವೆಂದರೆ ಪಾಠ ಹೇಳುವುದಷ್ಟೇ ಅಲ್ಲ. ಬರೆದಿಟ್ಟ ಅಕ್ಷರವನ್ನು ಕಾಪಾಡಿ, ಬೇಡಿದವರ ಕೈಗೆ ಮುಟ್ಟಿಸುವುದೂ ಅದರ ಅಂಗವೇ. ಇದನ್ನು ಶಾಸ್ತ್ರೋಕ್ತವಾಗಿ ಕಲಿಸುವ ವಿದ್ಯೆಗೆ ಇಂದು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನವೆಂದು ಹೆಸರು. ಆದರೆ ಪಾಲಕರಲ್ಲಿ ಅನೇಕರು ಇದನ್ನು ಕಪಾಟಿನ ಬೀಗದಕೈ ಕಾಯುವ ಕೆಲಸವೆಂದೇ ಎಣಿಸಿದ್ದಾರೆ. ಈ ಎಣಿಕೆ ಸಲ್ಲದು.

ಭಾರತದಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. ಗ್ರಂಥದ ವಿಷಯವನ್ನು ಅಂಗಾಂಗವಾಗಿ ಬಿಡಿಸಿ ಮತ್ತೆ ಕೂಡಿಸುವ ಈ ಕ್ರಮವು, ಪ್ರಕೃತಿ-ಪ್ರತ್ಯಯಗಳ ವಿಭಾಗವನ್ನು ಬಲ್ಲ ವೈಯಾಕರಣರಿಗೆ ಅಪರಿಚಿತವೆನಿಸದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವು ಈಗಲೂ ಈ ವಿದ್ಯೆಯನ್ನು ಬೋಧಿಸುತ್ತಿದೆ.

ಈ ವಿದ್ಯೆಯ ಬೆಲೆ ಶರಣಸಾಹಿತ್ಯವನ್ನು ಬಲ್ಲವರಿಗೆ ತಿಳಿಯದ್ದಲ್ಲ. ವಕೀಲಿ ವೃತ್ತಿಯ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರದೆ ಇದ್ದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ! ಸಂಗ್ರಹಿಸಿ, ವಿಂಗಡಿಸಿ, ಓದುಗರಿಗೆ ಒದಗಿಸಿದ ಅವರ ಕಾಯಕವು ಈ ಶಾಸ್ತ್ರದ್ದೇ ಕಾಯಕ.

ಈಗ ಭಂಡಾರವು ಗಣಕಯಂತ್ರವನ್ನು ಹೊಕ್ಕಿದೆ. ಗರಿಗಳ ಛಾಯಾಚಿತ್ರ ತೆಗೆದಿಟ್ಟರೆ ಕೆಲಸ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಚಿತ್ರವು ಗರಿಯ ರೂಪವನ್ನು ಉಳಿಸೀತು. ಅದರೊಳಗಿನ ಮಾತನ್ನು ಹುಡುಕಿಕೊಡಲಾರದು. ಹುಡುಕಬೇಕಾದರೆ ಅದನ್ನು ಓದಿ ಅಕ್ಷರಕ್ಕಿಳಿಸಬೇಕು. ಹಳೆಯ ಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವನ್ನು ಅನೇಕ ಲಿಪಿಕಾರರು ತೋರಿಸಿಲ್ಲ. ಅರ್ಥ ಬಲ್ಲವನೇ ಅಲ್ಲಿ ಓದಬಲ್ಲ. ಅಂಕಿತವೊಂದೇ ‘ಚೆನ್ನಮಲ್ಲಿಕಾರ್ಜುನ’ ಎಂದೂ ‘ಚನ್ನಮಲ್ಲಿಕಾರ್ಜುನ’ ಎಂದೂ ಬರೆಯಲ್ಪಟ್ಟಿದ್ದರೆ, ಇವೆರಡೂ ಒಂದೇ ಎಂದು ಯಂತ್ರಕ್ಕೆ ಯಾರಾದರೂ ಕಲಿಸಿಕೊಡಬೇಕು. ಕಲಿಸದಿದ್ದರೆ ಅಕ್ಕನ ಅರ್ಧ ವಚನಗಳು ಭಂಡಾರದಲ್ಲಿದ್ದೂ ಇಲ್ಲದಂತಾದಾವು. ಅಲ್ಲದೆ ಆಯಾ ಕಾಲದ ಅಕ್ಷರವಿನ್ಯಾಸದಲ್ಲಿ ಮುದ್ರಿಸಿದ ಗಣಕಕಡತಗಳನ್ನು ಯೂನಿಕೋಡಿಗೆ ತಿರುಗಿಸದಿದ್ದರೆ, ಗರಿಗಿಂತ ಬೇಗ ಅವೇ ಓದಲಾಗದಂತಾಗುವುವು.

ಆದುದರಿಂದ ಕೇವಲ ಯಂತ್ರಜ್ಞನಿಂದ ಈ ಕಾರ್ಯ ಸಾಗದು. ಕೇವಲ ನಮ್ಮಂಥ ಪಂಡಿತರಿಂದಲೂ ಸಾಗದು. ಉಭಯವನ್ನೂ ಬಲ್ಲ ತರುಣರು ಬೇಕು. ಸ್ನಾತಕೋತ್ತರ ಪದವಿ, ಸಂಶೋಧನೆ, ಪ್ರಾಧ್ಯಾಪಕತ್ವ ಎಂಬ ಸೋಪಾನಗಳು ಈ ಮಾರ್ಗದಲ್ಲಿಯೂ ಇವೆ. ಗೌರವದ ಜೀವನೋಪಾಯವೂ ಉಂಟು.

ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಕಟ್ಟಡದ ಕಲ್ಲಿಗೆ ಕೊಡುವ ಕಾಣಿಕೆಯಲ್ಲಿ ಒಂದು ಪಾಲನ್ನು ಈ ವಿದ್ಯೆ ಕಲಿಯುವ ವಿದ್ಯಾರ್ಥಿಯ ವೇತನಕ್ಕೆ ಮೀಸಲಿಡಿರಿ. ಅಧ್ಯಾಪಕಬಂಧುಗಳು ಭಾಷಾಭಿರುಚಿಯುಳ್ಳ ಮಕ್ಕಳಿಗೆ ಹಳೆಯ ಲಿಪಿಯ ಪರಿಚಯ ಮಾಡಿಸಲಿ. ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಮಠಮನೆಗಳಲ್ಲಿರುವ ಕಟ್ಟುಗಳ ಪಟ್ಟಿಯನ್ನಾದರೂ ಈ ವರ್ಷವೇ ಸಿದ್ಧಪಡಿಸಲಿ. ಏನಿದೆಯೆಂಬುದೇ ತಿಳಿಯದಿದ್ದರೆ ಕಳೆದುಹೋದುದೂ ತಿಳಿಯದು.