ಹಳೆಯ ಮಸೂರವನ್ನು ಕೊಳ್ಳುವ ಮುನ್ನ

ರಾಣಿಬೆನ್ನೂರಿನ ಕೃಷ್ಣಮೃಗಗಳ ಚಿತ್ರ ತೆಗೆಯುವ ಹಂಬಲದಿಂದ ಹಾವೇರಿಯ ವಿದ್ಯಾರ್ಥಿಯೊಬ್ಬನು ಬಳಸಿದ ಟೆಲಿಫೋಟೊ ಮಸೂರವನ್ನು ಕೊಳ್ಳಹೊರಟರೆ ನಾವು ಬೇಡವೆನ್ನುವುದಿಲ್ಲ. ಆದರೆ ಕೂಡಿಟ್ಟ ಹಣವನ್ನು ತೆರುವ ಮುನ್ನ ಅವನು ಬ್ಯಾಡಗಿಯ ಪೇಟೆಯನ್ನು ನೆನೆಯಲಿ. ಚೀಲದ ಹೊರಮೈ ನೋಡಿ ಮೆಣಸಿನಕಾಯಿ ಕೊಳ್ಳುವ ಜಾಣರಿಲ್ಲ. ಒಳಗೆ ತೇವವಿದ್ದರೆ ಬೂಷ್ಟು ಹಿಡಿಯುವುದೆಂದು ಅವರು ಬಲ್ಲರು. ಮಸೂರದ ಶತ್ರುವೂ ಅದೇ.

ಮುಂಗಾಜಿನ ಸಣ್ಣ ಗೀರಾಗಲಿ ಧೂಳಿನ ಕಣವಾಗಲಿ ಚಿತ್ರವನ್ನು ಅಷ್ಟಾಗಿ ಕೆಡಿಸದು; ಚಿತ್ರದ ಒಂದೊಂದು ಬಿಂದುವಿಗೂ ಬೆಳಕು ಗಾಜಿನ ವಿಶಾಲ ಭಾಗದಿಂದ ಬಂದು ಸೇರುತ್ತದೆ. ಒಳಗಾಜಿನ ಮೇಲೆ ಜೇಡರಬಲೆಯಂತೆ ಹಬ್ಬಿದ ಬೂಷ್ಟಾದರೋ ಬೆಳಕನ್ನು ಚದರಿಸಿ ಚಿತ್ರವನ್ನು ಮಂಕಾಗಿಸುತ್ತದೆ. ಗಾಜಿನ ಲೇಪವನ್ನೂ ತಿನ್ನಬಲ್ಲುದು. ದ್ಯುತಿರಂಧ್ರವನ್ನು ಪೂರ್ಣ ತೆರೆದು, ಹಿಂದಿನಿಂದ ಟಾರ್ಚಿನ ಬೆಳಕು ಹಾಯಿಸಿ ಓರೆಯಾಗಿ ನೋಡಿದರೆ ಅದು ಕಾಣುವುದು. ಈ ಪರೀಕ್ಷೆಗೆ ಒಪ್ಪದವನಿಂದ ಕೊಳ್ಳಲಾಗದೆಂಬುದೇ ನಮ್ಮ ಮತ.