ಅಚ್ಚು ಒಂದೇ, ಗುರುತು ಬೇರೆ

ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಕಾಣದವರು ಉಡುಪಿಯ ಸೀಮೆಯಲ್ಲಿ ವಿರಳ. ಕರಾವಳಿಯ ದೀಪಸ್ತಂಭಗಳು ಇರುಳಿನಲ್ಲಿ ಒಂದೇ ಬಗೆಯಾಗಿ ತೋರಿದರೂ, ಒಂದರ ಮಿನುಗಿನ ಲಯವು ನೆರೆಯದರ ಲಯದಂತಿರುವುದಿಲ್ಲ. ಆ ಲಯವನ್ನು ಎಣಿಸಿಯೇ ನಾವಿಕನು ತಾನಿರುವ ತಾಣವನ್ನು ಅರಿಯುತ್ತಾನೆ. ನೆರೆಹೊರೆಯ ಎರಡು ದೀಪಗಳು ಒಂದೇ ಲಯದಲ್ಲಿ ಮಿನುಗಿದರೆ, ಬೆಳಕಿದ್ದೂ ದಾರಿ ತಪ್ಪುತ್ತದೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥ ಪ್ರಮಾದ ಒದಗುವುದುಂಟು.

ಮಣಿಪಾಲದಂಥ ಊರಿನಲ್ಲಿ ರೋಗಿಯ ರಕ್ತಪರೀಕ್ಷೆಯ ವರದಿ, ವಿದ್ಯಾರ್ಥಿಯ ಅಂಕಪಟ್ಟಿ, ನಿವೃತ್ತರ ಪಿಂಚಣಿಯ ಲೆಕ್ಕ ಇವೆಲ್ಲವೂ ಇಂದು ಸರ್ವರುಗಳೆಂಬ ಗಣಕಯಂತ್ರಗಳನ್ನು ನಂಬಿಕೊಂಡಿವೆ. ಹತ್ತಾರು ಸರ್ವರುಗಳನ್ನು ಒಂದೊಂದಾಗಿ ಸಜ್ಜುಗೊಳಿಸುವುದು ದಿನಗಟ್ಟಲೆಯ ಶ್ರಮ. ಆದುದರಿಂದ ಒಂದನ್ನು ಅಣಿಗೊಳಿಸಿ, ಅದರ ಕಾರ್ಯಾಚರಣ ವ್ಯವಸ್ಥೆಯ ಪ್ರತಿಬಿಂಬವನ್ನು ಒಂದು ಕಡತದಲ್ಲಿ ಸೆರೆಹಿಡಿದು, ಉಳಿದವುಗಳಿಗೆ ಅದನ್ನೇ ಇಳಿಸುವರು. ತಂತ್ರಜ್ಞರು ಇದನ್ನು ಇಮೇಜ್ ಎನ್ನುತ್ತಾರೆ.

ಕಾರ್ಕಳದಲ್ಲಿ 1432ರಲ್ಲಿಯೂ ವೇಣೂರಿನಲ್ಲಿ 1604ರಲ್ಲಿಯೂ ನಿಂತ ಗೊಮ್ಮಟಮೂರ್ತಿಗಳ ರೂಪ ಒಂದೇ. ಆದರೆ ಪ್ರತಿಷ್ಠಾಪಕರು ಬೇರೆ, ಕಾಲ ಬೇರೆ. ಯಂತ್ರದ ಪ್ರತಿಬಿಂಬವಾದರೋ ರೂಪದೊಡನೆ ಮೂಲಯಂತ್ರದ ಜಾತಕವನ್ನೂ ಹೊತ್ತುಬರುತ್ತದೆ. ವಿಂಡೋಸ್ ಸರ್ವರಿನಲ್ಲಿ ಪ್ರತಿ ಯಂತ್ರಕ್ಕೂ ಭದ್ರತಾ ಗುರುತಿನ ಸಂಖ್ಯೆಯೊಂದಿದೆ. ಸೆರೆಹಿಡಿಯುವ ಮುನ್ನ ಇದನ್ನು ಅಳಿಸಿಹಾಕಲೆಂದೇ ಸಿಸ್‌ಪ್ರೆಪ್ ಎಂಬ ಸಾಧನವಿದೆ. ಅವಸರದಲ್ಲಿ ಇದನ್ನು ಬಿಟ್ಟುಬಿಟ್ಟವರು ಬಹಳ ಕಾಲ ದಂಡ ತೆರಲಿಲ್ಲ. ಆದರೆ 2025ರ ಆಗಸ್ಟ್ 29ರಿಂದೀಚಿನ ಪರಿಷ್ಕರಣಗಳೊಡನೆ ವಿಂಡೋಸ್ ಸರ್ವರ್ 2025 ಮುಂತಾದ ವ್ಯವಸ್ಥೆಗಳು ಈ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸತೊಡಗಿದವು. ಒಂದೇ ಗುರುತಿನ ಎರಡು ಯಂತ್ರಗಳು ಪರಸ್ಪರ ಪ್ರವೇಶವನ್ನು ನಿರಾಕರಿಸಿದವು. ಸರಿಯಾದ ಗುಪ್ತಪದವನ್ನು ಕೊಟ್ಟರೂ ಬಾಗಿಲು ತೆರೆಯಲಿಲ್ಲ. ಇದಕ್ಕೆ ಶಾಶ್ವತ ಪರಿಹಾರವೆಂದರೆ ಯಂತ್ರವನ್ನು ಕ್ರಮವರಿತು ಮರಳಿ ಕಟ್ಟುವುದೇ.

ಸಿಸ್‌ಪ್ರೆಪ್ ತಾನೇ ಮುನಿಸಿಕೊಂಡರೆ, ಪ್ಯಾಂಥರ್ ಎಂಬ ಕೋಶದಲ್ಲಿರುವ ದಾಖಲೆಯನ್ನು ಮೊದಲು ಓದತಕ್ಕದ್ದು. ಕಾರಣವು ಬಹುಮಟ್ಟಿಗೆ ಅಲ್ಲಿಯೇ ಬರೆದಿರುತ್ತದೆ. ಮರುಚಾಲನೆಗಾಗಿ ಕಾದಿರುವ ಪರಿಷ್ಕರಣವನ್ನು ಮುಗಿಸದಿರುವುದು ಒಂದು ಸಾಮಾನ್ಯ ದೋಷ. ಜಾಲದ ಸಮಸ್ತ ಬಳಕೆದಾರರ ಲೆಕ್ಕವಿಡುವ ಡೊಮೇನ್ ನಿಯಂತ್ರಕವನ್ನಂತೂ ಈ ಕ್ರಿಯೆಗೆ ಒಡ್ಡಲೇಬಾರದು. ಇನ್ನೊಂದು ಎಚ್ಚರವಿದೆ: ಗುರುತನ್ನು ಅಳಿಸಿದೊಡನೆ ಯಂತ್ರವನ್ನು ಆರಿಸಬೇಕು. ಸೆರೆಹಿಡಿಯುವ ಮೊದಲೇ ಅದು ತನ್ನ ಡಿಸ್ಕಿನಿಂದ ಮತ್ತೆ ಎಚ್ಚೆತ್ತರೆ ಹೊಸ ಗುರುತನ್ನು ತಳೆಯುತ್ತದೆ, ಮಾಡಿದ ಸಿದ್ಧತೆಯೆಲ್ಲ ವ್ಯರ್ಥವಾಗುತ್ತದೆ.

ಇಳಿಸುವಾಗಿನ ತೊಡಕುಗಳು ಬೇರೆ ಬಗೆಯವು. ಖಾಲಿ ಯಂತ್ರವು ಜಾಲದ ಮೂಲಕ ಎಚ್ಚರಗೊಳ್ಳಬೇಕಾದರೆ ಅದಕ್ಕೊಂದು ವಿಳಾಸವೂ ಆರಂಭದ ಕಡತವೂ ದೊರೆಯಬೇಕು. ವಿಳಾಸವೇ ದೊರೆಯದಿದ್ದರೆ, ಎರಡು ಉಪಜಾಲಗಳ ನಡುವಿನ ರೂಟರ್ ಅದರ ಕೋರಿಕೆಯನ್ನು ದಾಟಿಸುತ್ತಿಲ್ಲವೇನೋ ಎಂದು ನೋಡಬೇಕು. ವಿಳಾಸ ದೊರೆತೂ ಮುಂದುವರಿಯದಿದ್ದರೆ, ಹಳೆಯ ಬಯೋಸ್ ಯಂತ್ರಕ್ಕೂ ಹೊಸ ಯುಇಎಫ್‌ಐ ಯಂತ್ರಕ್ಕೂ ಬೇರೆ ಬೇರೆ ಆರಂಭದ ಕಡತಗಳು ಬೇಕೆಂಬುದನ್ನು ನೆನೆಯಬೇಕು. ಎಲ್ಲವೂ ಇಳಿದ ಮೇಲೆ ಪರದೆಯ ಮೇಲೆ 0x7ಬಿ ಎಂಬ ಸಂಕೇತ ಮೂಡಿದರೆ, ಹೊಸ ಯಂತ್ರದ ಡಿಸ್ಕ್ ನಿಯಂತ್ರಕಕ್ಕೆ ಬೇಕಾದ ಚಾಲಕ ತಂತ್ರಾಂಶವು ಪ್ರತಿಬಿಂಬದಲ್ಲಿಲ್ಲವೆಂದು ಮೊದಲಿಗೆ ಶಂಕಿಸಬಹುದು. ಪ್ರತಿಬಿಂಬವನ್ನು ಹೊಸದಾಗಿ ಸೆರೆಹಿಡಿಯದೆಯೇ ಡಿಸ್ಮ್ ಎಂಬ ಸಾಧನದಿಂದ ಆ ಚಾಲಕವನ್ನು ಅದರೊಳಗೆ ಸೇರಿಸಲು ಸಾಧ್ಯ.

ಇಳಿಸುವಾಗ ಕಾಣುವ ಅನೇಕ ವ್ಯಾಧಿಗಳ ಬೇರು ಸೆರೆಹಿಡಿದ ಗಳಿಗೆಯಲ್ಲಿಯೇ ಇರುತ್ತದೆ. ಅಚ್ಚಿನಲ್ಲಿ ಒಂದು ಬಿರುಕಿದ್ದರೆ ಎರಕಹೊಯ್ದ ನೂರರಲ್ಲಿಯೂ ಅದು ಮೂಡದೆ ಇರದು. ಆದುದರಿಂದ ಪ್ರತಿಬಿಂಬವನ್ನು ಮೊದಲು ಒಂದೆರಡು ಯಂತ್ರಗಳಿಗೆ ಮಾತ್ರ ಇಳಿಸಿ, ಅವುಗಳ ಗುರುತು ಬೇರೆ ಬೇರೆಯಾಗಿದೆಯೆ, ಅವು ಒಂದನ್ನೊಂದು ಒಪ್ಪುತ್ತವೆಯೆ ಎಂದು ಪರೀಕ್ಷಿಸಿದ ಮೇಲೆಯೇ ಉಳಿದವುಗಳ ಕಡೆ ತಿರುಗುವುದು ವಿವೇಕ. ಆ ಪರೀಕ್ಷೆಗೆ ತಗಲುವ ಅರ್ಧದಿನವನ್ನು ಉಳಿಸಹೊರಟರೆ, ಆಸ್ಪತ್ರೆಯ ಕಿಟಕಿಯ ಮುಂದೆ ವರದಿಗಾಗಿ ಕಾದು ನಿಂತವರು ಅದರ ಬೆಲೆಯನ್ನು ತೆರಬೇಕಾಗುತ್ತದೆ.