ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ



ಹೋದ ತಿಂಗಳು ಒಂದು ರಾತ್ರಿ ನಮ್ಮ ಹಾಸ್ಟೆಲಿಗೆ ಫೋನು ಬಂತು, ರಕ್ತ ಬೇಕು ಅಂತ. ನಾಲ್ಕು ಜನ ಹೋದೆವು. ನಮ್ಮ ರೂಮಿನವನ ಅಕ್ಕ. 26 ವಾರಕ್ಕೇ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಕೂಸು 800 ಗ್ರಾಂ. ಅಂಗಡಿಯ ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರ.

ರಕ್ತ ಕೊಟ್ಟು ಹೊರಗೆ ಬಂದರೆ ಭಾವ ಮೆಟ್ಟಿಲ ಮೇಲೆ ಕೂತಿದ್ದ. ಎಡಗೈ ಹೆಬ್ಬೆರಳಿಗೆ ಶಾಯಿ. ಏನಣ್ಣ ಇದು ಅಂದೆವು. "ಅದೇನೋ ಕಾಗ್ದ ಕಣಪ್ಪ. ಕೂಸ್ನ ಮನೆಗೆ ಕಳ್ಸಿಕೊಡಿ ಅಂತ ನಾವೇ ಕೇಳ್ಕೊಂಡಿದೀವಂತೆ" ಅಂದ. ಇಲ್ಲಿ ವೆಂಟಿಲೇಟರ್ ಖಾಲಿ ಇಲ್ಲ, ಬೇರೆ ಕಡೆ ದಿನಕ್ಕೆ ಸಾವಿರಾರು ಆಗುತ್ತೆ, ಆದರೂ ಗ್ಯಾರಂಟಿ ಇಲ್ಲ, ನೀವೇ ತೀರ್ಮಾನ ಮಾಡಿ ಅಂದರಂತೆ. ಕಾಗದ ಇಂಗ್ಲಿಷಿನಲ್ಲಿತ್ತು. ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ ಎಂದು ಬರೆದಿತ್ತು. ಬೆಳಕು ಹರಿಯುವ ಮುಂಚೆ ಆಟೋದಲ್ಲೇ ಕೂಸು ಹೋಯಿತು. ಹೆತ್ತವಳನ್ನು ಯಾರೂ ಏನೂ ಕೇಳಿರಲಿಲ್ಲ. ಮೂರು ದಿನದ ಮೇಲೆ ಆ ಕಾಗದವನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆವು. ಪೂರ್ತಿ ಕೇಳಿದ ಮೇಲೆ ಆಕೆ ಕೇಳಿದ್ದು ಒಂದೇ: "ಅದ್ರಲ್ಲಿ ಗಂಡು ಅಂತ ಬರ್ದವ್ರಾ, ಹೆಣ್ಣು ಅಂತಾನಾ?"

ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು, ನಿದ್ದೆಗೆಟ್ಟ ಮುಖ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಸುಳ್ಳು, ಆ ರಾತ್ರಿ ಇತ್ತು. ಈಗ ಸಿಟ್ಟು ಬೇರೆ ಕಡೆಗಿದೆ.

28 ವಾರ ತುಂಬುವ ಮುಂಚೆ ಹುಟ್ಟಿದ ಕೂಸಿಗೆ ಶ್ವಾಸಕೋಶ ಬಲಿತಿರುವುದಿಲ್ಲ. ಮೆದುಳಿನ ರಕ್ತನಾಳಗಳು ಸುಲಭವಾಗಿ ಒಡೆಯುತ್ತವೆ. ಉಳಿದರೂ ಕೆಲವಕ್ಕೆ ಕಣ್ಣು ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಅಂಥ ಕೂಸಿನ ಮೈಗೆ ಎಷ್ಟು ಸೂಜಿ ಚುಚ್ಚಬೇಕು, ಎಲ್ಲಿ ನಿಲ್ಲಿಸಬೇಕು? ಇದು ನಿಜವಾದ ಪ್ರಶ್ನೆಯೇ. ಜಪಾನಿನಲ್ಲಿ 22 ವಾರದ ಕೂಸನ್ನೂ ಉಳಿಸಿಕೊಳ್ಳಲು ನೋಡುತ್ತಾರೆ. ನೆದರ್‌ಲೆಂಡ್ಸ್‌ನಲ್ಲಿ 24 ವಾರಕ್ಕಿಂತ ಮುಂಚಿನದಕ್ಕೆ ಸಾಮಾನ್ಯವಾಗಿ ಯಂತ್ರ ಹಾಕುವುದಿಲ್ಲ. ಎರಡೂ ಶ್ರೀಮಂತ ದೇಶ. ಯಂತ್ರ, ದುಡ್ಡು, ಹೆತ್ತವರ ಜೊತೆ ಕೂತು ಮಾತಾಡುವ ಪುರುಸೊತ್ತು ಎಲ್ಲ ಇದ್ದ ಮೇಲೂ ಉಳಿಯುವ ಪ್ರಶ್ನೆ ಅದು. ನಮ್ಮ ಕೇರಿಗೆ ಪ್ರಶ್ನೆ ಬರುವ ಮುಂಚೆಯೇ ಉತ್ತರ ಬಂದುಬಿಟ್ಟಿರುತ್ತದೆ.

ಇಂಥ ಕೂಸುಗಳಲ್ಲಿ ಬಡ ದೇಶಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮೊದಲ ಕೆಲವೇ ದಿನಗಳಲ್ಲಿ ಸಾಯುತ್ತವೆ, ಶ್ರೀಮಂತ ದೇಶಗಳಲ್ಲಿ ಸಾಯುವುದು 10ಕ್ಕಿಂತ ಕಮ್ಮಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದೊಳಗೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವರ್ಷ ತುಂಬುವ ಮುಂಚೆ ಸತ್ತ ಕೂಸುಗಳು ಪರಿಶಿಷ್ಟ ಜಾತಿಯಲ್ಲಿ ಸಾವಿರಕ್ಕೆ ಸುಮಾರು 41. ಪರಿಶಿಷ್ಟರೂ ಹಿಂದುಳಿದವರೂ ಅಲ್ಲದ ಜಾತಿಗಳಲ್ಲಿ 28.

ಹಣೆಬರಹ ಅನ್ನುವವರಿಗೆ ಒಂದು ಮಾತು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಐದೂವರೆ ವಾರ ಮುಂಚೆ ಹುಟ್ಟಿದ. ಎರಡು ದಿನ ತುಂಬಲಿಲ್ಲ, ಉಸಿರು ಸಾಲದೆ ಸತ್ತ. ಅಷ್ಟು ದೊಡ್ಡ ದೇಶದ ದೊರೆಯಿಂದಲೂ ಆಗಲಿಲ್ಲ. ಇವತ್ತು ಅಂಥ ಕೂಸು ಉಳಿಯುವುದು ದೊಡ್ಡ ಸುದ್ದಿಯೇ ಅಲ್ಲ. ಬ್ರಹ್ಮ ಬಂದು ಬರಹ ತಿದ್ದಲಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ಇಬ್ಬರು ಡಾಕ್ಟರು, ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬಲಿಯುತ್ತದೆ ಎಂದು ತೋರಿಸಿದರು. ಆ ಮದ್ದು ಬಹಳ ಅಗ್ಗ. 24ರಿಂದ 34 ವಾರದೊಳಗೆ ನೋವು ಬಂದರೆ ಹಳ್ಳಿಯ ನರ್ಸಮ್ಮನೇ ಮೊದಲ ಡೋಸು ಕೊಡಬಹುದು ಎಂದು 2014ರಲ್ಲೇ ಭಾರತ ಸರ್ಕಾರ ಹೇಳಿದೆ. ಅಕ್ಕನಿಗೆ ಹಿಂದಿನ ದಿನವೇ ನೋವು ಶುರುವಾಗಿತ್ತು. ಆಕೆಯ ಚೀಟಿಯಲ್ಲಿ ಆ ಮದ್ದಿನ ಹೆಸರೇ ಇಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1929ರ ಒಂದು ಸಂಗತಿ ಹೇಳುತ್ತಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಬಾಣಂತಿ ಹೆಂಡತಿಯನ್ನು ನೋಡಲು ಡಾಕ್ಟರು ಕೇರಿಯೊಳಕ್ಕೆ ಬರಲಿಲ್ಲ. ಅವಳನ್ನೇ ಹೊರಗೆ ತಂದು ಮಲಗಿಸಬೇಕಾಯಿತು. ಥರ್ಮಾಮೀಟರನ್ನೂ ಒಬ್ಬ ಮುಸಲ್ಮಾನನ ಕೈಗೆ, ಅವನಿಂದ ಗಂಡನ ಕೈಗೆ ದಾಟಿಸಿದರು. ಅವಳು ಉಳಿಯಲಿಲ್ಲ. ಇವತ್ತು ನಮ್ಮನ್ನು ಮುಟ್ಟುತ್ತಾರೆ, ನಿಜ, ಹೆಬ್ಬೆರಳು ಹಿಡಿದು ಒತ್ತಿಸಿಕೊಳ್ಳುತ್ತಾರೆ.

"ನಿಮ್ಮಂಥೋರಿಗೆ ಯಾಕಪ್ಪ, ಉಳಿದ್ರೂ ಕುಂಟೋ ಕುರುಡೋ ಆಗುತ್ತೆ, ಸಾಕೋದು ಕಷ್ಟ" ಅನ್ನುವವರಿದ್ದಾರೆ. ಕನಿಕರದಿಂದಲೇ ಅಂದಾರು. ಆದರೆ ನಮ್ಮ ಯಾವ ಬಾಳು ಬಾಳಲು ಯೋಗ್ಯ ಎಂದು ಬೇರೆಯವರು ತೀರ್ಮಾನ ಮಾಡಿದ್ದು ಸಾಕಾಗಿದೆ. ಎಲ್ಲ ಕೂಸಿಗೂ ಕೊನೆಯುಸಿರಿನವರೆಗೆ ಯಂತ್ರ ಹಾಕಿ ಎಂದು ನಾವು ಕೇಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಿಳಿಸಿದ ಮೇಲೆ ತಾಯಿಯೇ ಸಾಕು ಅಂದರೆ ಸಾಕು. ಆಗಲೂ ಆ ಕೂಸು ನೋವಿಲ್ಲದೆ ಅವಳ ಎದೆಯ ಮೇಲೆ ಉಸಿರು ಬಿಡಲಿ, ಆಟೋದಲ್ಲಿ ಅಲ್ಲ.

ನಾವು ಮಾಡಬಹುದಾದ್ದು ಇದೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೆ, ಕಾಯಿಲೆ ಕೂಸಿಗೆ ಔಷಧಿ, ಪರೀಕ್ಷೆ, ರಕ್ತ, ಬೇರೆ ಆಸ್ಪತ್ರೆಗೆ ಹೋಗುವ ವಾಹನ ಎಲ್ಲ ಪುಕ್ಕಟೆ. ಇದು ಭಾವನಿಗೆ ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇವೆ, ಬಿ.ಎ. ಪಾಸಾದ ನಮಗೂ ಆ ರಾತ್ರಿ ಗೊತ್ತಿರಲಿಲ್ಲ. ಬದುಕಿ ಮನೆಗೆ ಬಂದ ಇಂಥ ಕೂಸಿಗೆ ಹುಟ್ಟಿದ ಎರಡು ಮೂರು ವಾರಕ್ಕೇ ಕಣ್ಣಿನ ಪರೀಕ್ಷೆ ಶುರುವಾಗಬೇಕು, ತಡವಾದರೆ ಕುರುಡಾಗಬಹುದು. ಊರಿಗೆ ಹೋದಾಗ ಇದನ್ನೂ ಹೇಳಿ.

ಹಾಸ್ಟೆಲಿನಲ್ಲಿ ಇಂಗ್ಲಿಷ್ ಓದಬಲ್ಲವರು ಇದ್ದೀರಿ. ಹೆರಿಗೆ ವಾರ್ಡಿನ ಹೊರಗೆ ಸರದಿಯಂತೆ ರಾತ್ರಿ ಇಬ್ಬಿಬ್ಬರು ಕೂರೋಣ. ಕಾಗದ ಕೊಟ್ಟರೆ ಕನ್ನಡದಲ್ಲಿ ಓದಿ ಹೇಳುವುದು, ತಾಯಿಯನ್ನು ಕೇಳಿದರಾ ಎಂದು ಕೇಳುವುದು, ಅಷ್ಟೇ ಕೆಲಸ. ಬರುವವರು ಭಾನುವಾರದ ಸಭೆಯಲ್ಲಿ ಹೆಸರು ಕೊಡಿ. ಹೆಣ್ಣುಮಕ್ಕಳ ಹಾಸ್ಟೆಲಿನ ಗೆಳತಿಯರು ಬಂದರೆ ಇನ್ನೂ ಒಳ್ಳೆಯದು, ನಮ್ಮನ್ನು ವಾರ್ಡಿನೊಳಕ್ಕೆ ಬಿಡುವುದಿಲ್ಲ.